ಇಂಗ್ಲಿಷ್ ಕಿವಿಗೆ ಹತ್ತಲು: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ತರಗತಿ ಮುಗಿಸಿ ಬಾಗಿಲು ಹಾಕುವ ಹೊತ್ತಿಗೆ ಬರುವ ಪ್ರಶ್ನೆಗಳು, ರಾತ್ರಿ ವಾಟ್ಸಾಪಿನಲ್ಲಿ ಬರುವ ಪ್ರಶ್ನೆಗಳು, ಹಳೆಯ ವಿದ್ಯಾರ್ಥಿಗಳು ಹೊರದೇಶದಿಂದ ಬರೆದು ಕೇಳುವ ಪ್ರಶ್ನೆಗಳು: ಎಲ್ಲವನ್ನೂ ಇಲ್ಲಿ ಒಟ್ಟು ಹಾಕಿದ್ದೇನೆ. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಉಳಿಸಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಶುರು ಮಾಡುವವರಿಗೆ

ಓದಿದ್ರೆ ಎಲ್ಲಾ ಅರ್ಥ ಆಗುತ್ತೆ ಮೇಡಂ, ಅದನ್ನೇ ಯಾರಾದ್ರೂ ಮಾತಾಡಿದ್ರೆ ತಲೆಗೇ ಹೋಗಲ್ಲ. ಯಾಕೆ?

ಏಕೆಂದರೆ ಪುಸ್ತಕದಲ್ಲಿ ಪದಗಳ ನಡುವೆ ಜಾಗ ಬಿಟ್ಟಿರುತ್ತಾರೆ, ಬಾಯಲ್ಲಿ ಯಾರೂ ಬಿಡುವುದಿಲ್ಲ. ನಾವಾದರೂ ಅಷ್ಟೇ. "ಏನು ಮಾಡುತ್ತಾ ಇದ್ದೀಯ" ಎಂದು ಬರೆಯುತ್ತೇವೆ, "ಏನ್ಮಾಡ್ತಿದೀಯ" ಎನ್ನುತ್ತೇವೆ. ಪುಸ್ತಕದಲ್ಲಿ ಕನ್ನಡ ಕಲಿತ ಹೊರಗಿನವರಿಗೆ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಆಗುವ ಗಾಬರಿಯೇ ನಮಗೆ ಇಂಗ್ಲಿಷಿನಲ್ಲಿ ಆಗುವುದು.

ಹೈಸ್ಕೂಲಿನಲ್ಲಿ ಓದಿದ ಸಂಧಿ ನೆನಪಿದೆಯಲ್ಲ? ಮಾತು + ಇಲ್ಲ ಸೇರಿ ಮಾತಿಲ್ಲ, ಲೋಪ. ಮನೆ + ಅನ್ನು ಸೇರಿ ಮನೆಯನ್ನು, ಆಗಮ. ಮಳೆ + ಕಾಲ ಸೇರಿ ಮಳೆಗಾಲ, ಆದೇಶ. ಈ ಮೂರೂ ಬಗೆ ಆಡುವ ಇಂಗ್ಲಿಷಿನಲ್ಲಿ ದಿನಾ ನಡೆಯುತ್ತವೆ. "ಲಾಸ್ಟ್ ನೈಟ್" ಎಂಬುದರಲ್ಲಿ ಟಕಾರ ಬಿದ್ದು "ಲಾಸ್ ನೈಟ್" ಆಗುತ್ತದೆ. "ಸೀ ಇಟ್" ನಡುವೆ ಯಕಾರ ಬಂದು "ಸೀಯಿಟ್", "ಗೋ ಔಟ್" ನಡುವೆ ವಕಾರ ಬಂದು "ಗೋವೌಟ್". ಅಮೆರಿಕದವರ ಬಾಯಲ್ಲಿ ಎರಡು ಸ್ವರಗಳ ನಡುವಿನ ಟಕಾರ ಮೆದುವಾಗಿ ಡಕಾರದಂತೆ ಕೇಳುತ್ತದೆ. "ವಾಟರ್" ಹೋಗಿ "ವಾಡರ್", "ಗೆಟ್ ಆಫ್" ಹೋಗಿ "ಗೆಡಾಫ್". ವೈಯಾಕರಣಿಗಳು ಒಪ್ಪುತ್ತಾರೋ ಇಲ್ಲವೋ, ನನ್ನ ತರಗತಿಯಲ್ಲಿ ಇದಕ್ಕೆ ಆದೇಶ ಸಂಧಿ ಎಂದೇ ಹೆಸರು.

ಇದರ ಜೊತೆ ಇನ್ನೊಂದಿದೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ಅದರ ಪಾಲಿನ ಹೊತ್ತು ಸಿಗುತ್ತದೆ. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಭಾಗ ಮಾತ್ರ ಪೂರ್ತಿ ಕೇಳುತ್ತದೆ, ಉಳಿದದ್ದು ಮುದುರಿಕೊಳ್ಳುತ್ತದೆ. "ವೆಜಿಟೇಬಲ್" ಎಂದು ನಾವು ನಾಲ್ಕು ಭಾಗ ಮಾಡಿ ಹೇಳುವುದು ಅವರಿಗೆ "ವೆಜ್ಟಬಲ್". "ಕಂಫರ್ಟೇಬಲ್" ಅವರಿಗೆ "ಕಂಫ್ಟಬಲ್". ಪದ ನಿಮಗೆ ಗೊತ್ತಿತ್ತು, ಆದರೆ ಕಣ್ಣಿಗೆ ಗೊತ್ತಿತ್ತು, ಕಿವಿಗೆ ಗೊತ್ತಿರಲಿಲ್ಲ. ಅದಕ್ಕೇ ಹೊಸ ಪದಗಳ ಪಟ್ಟಿ ಉರು ಹೊಡೆಯುವುದರಿಂದ ಈ ಕಷ್ಟ ತೀರುವುದಿಲ್ಲ.

ನಾನು ಕನ್ನಡ ಮೀಡಿಯಂ. ನನ್ನಿಂದ ಆಗುತ್ತಾ?

ಆಗುತ್ತದೆ. ಇಂಗ್ಲಿಷ್ ಮೀಡಿಯಂನಿಂದ ಬಂದವರೂ ನನ್ನ ತರಗತಿಯಲ್ಲಿ ಇದೇ ಕಷ್ಟ ಪಡುತ್ತಾರೆ. ಎಸ್‌ಎಸ್‌ಎಲ್‌ಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆ ಬರೆಯುವ ಪರೀಕ್ಷೆ. ಕೇಳಿಸಿಕೊಂಡು ಉತ್ತರಿಸುವ ಭಾಗ ಅದರಲ್ಲಿಲ್ಲ. ಪರೀಕ್ಷೆಯಲ್ಲಿ ಇಲ್ಲದ್ದನ್ನು ಯಾರು ಕಲಿಸುತ್ತಾರೆ? ಕನ್ನಡ ಮೀಡಿಯಂನವರಿಗೆ ಒಂದು ಅನುಕೂಲವೇ ಇದೆ: ಸಂಧಿ ಬಿಡಿಸುವುದು ಗೊತ್ತು, ಉಕ್ತಲೇಖನ ಬರೆದು ಅಭ್ಯಾಸ ಇದೆ. ನಮಗೆ ಬೇಕಾದ್ದು ಅವೆರಡೇ.

ದಿನಾ ಎಷ್ಟು ಹೊತ್ತು ಕೇಳಬೇಕು?

ಇಪ್ಪತ್ತು ನಿಮಿಷ. ಆದರೆ ಇಪ್ಪತ್ತು ನಿಮಿಷದ ಧ್ವನಿಯಲ್ಲ, ಒಂದು ನಿಮಿಷದ ಧ್ವನಿಯನ್ನು ಇಪ್ಪತ್ತು ನಿಮಿಷ. ಅಡುಗೆ ಮಾಡುತ್ತಾ ಎರಡು ಗಂಟೆ ಹೊತ್ತು ಹಿನ್ನೆಲೆಯಲ್ಲಿ ಹಾಕಿಕೊಂಡರೆ ಬೇಸರ ಕಳೆಯುತ್ತದೆ, ಕಿವಿ ತಿದ್ದುವುದಿಲ್ಲ.

ಸರಿ, ಆ ಇಪ್ಪತ್ತು ನಿಮಿಷ ಏನು ಮಾಡೋದು? ಒಂದೊಂದೇ ಹೇಳಿ.

ಒಂದು ನಿಮಿಷದ ಒಂದು ಮಾತುಕತೆ ಆರಿಸಿಕೊಳ್ಳಿ. ಅದರ ಬರಹರೂಪ ಸಿಗುವಂತಿರಬೇಕು, ಇದು ಮುಖ್ಯ. ಬರಹವನ್ನು ಮುಚ್ಚಿಟ್ಟು ಒಮ್ಮೆ ಪೂರ್ತಿ ಕೇಳಿ. ಯಾರು, ಎಲ್ಲಿದ್ದಾರೆ, ಏನು ಬೇಕಾಗಿದೆ ಅವರಿಗೆ? ಅಷ್ಟು ಗೊತ್ತಾದರೆ ಸಾಕು.

ಈಗ ವಾಕ್ಯವಾಕ್ಯವಾಗಿ ನಿಲ್ಲಿಸಿ, ಕೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆಯಿರಿ. ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಬರೆಯಲು ಹೊರಟರೆ ನಿಮಗೆ ಗೊತ್ತಿರುವ ಪದಗಳೇ ಕೈಗೆ ಬರುತ್ತವೆ, ಕೇಳಿಸಿದ್ದು ಬರುವುದಿಲ್ಲ. ನಮ್ಮ ಲಿಪಿ ಸದ್ದನ್ನು ಸದ್ದಾಗಿಯೇ ಹಿಡಿಯುತ್ತದೆ. ಅರ್ಥವಾಗದಿದ್ದರೂ ಬರೆಯಿರಿ, ಹುಚ್ಚುಹುಚ್ಚಾಗಿ ಕಂಡರೂ ಬರೆಯಿರಿ. ಹೋದ ತಿಂಗಳು ತರಗತಿಯಲ್ಲಿ ಒಬ್ಬ ಹುಡುಗ ಬರೆದದ್ದು ಹೀಗಿತ್ತು:

"ಡಿಜ ಫೈಂಡಿಟ್?"
"ನಾಟ್ಯೆಟ್. ಐಲ್ ಲುಕಗೆನಿನ್ನ ಮಿನಿಟ್."

ಮೊದಲ ಸಾಲು "ಡಿಡ್ ಯು ಫೈಂಡ್ ಇಟ್?" ಎಂದು ಅವನಿಗೇ ಹೊಳೆಯಿತು. "ನಾಟ್ಯ" ಎಲ್ಲಿಂದ ಬಂತು ಎಂದು ಪಕ್ಕದವರು ನಕ್ಕರು. ಎರಡನೆಯದನ್ನು ಬೋರ್ಡಿನ ಮೇಲೆ ಸಂಧಿ ಬಿಡಿಸಿದೆವು: ಲುಕ್ + ಅಗೆನ್ + ಇನ್ + ಅ + ಮಿನಿಟ್. ಇನ್ನೊಂದು ನಿಮಿಷದಲ್ಲಿ ಮತ್ತೆ ಹುಡುಕುತ್ತೇನೆ. "ನಾಟ್ಯೆಟ್" ಎಂದರೆ ನಾಟ್ + ಯೆಟ್. ಒಂದೊಂದೂ ಎಲ್‌ಕೆಜಿ ಮಗುವಿಗೆ ಗೊತ್ತಿರುವ ಪದ.

ಬರೆದಾದ ಮೇಲೆ ಬಚ್ಚಿಟ್ಟ ಬರಹ ತೆಗೆದು ಹೋಲಿಸಿ. ತಪ್ಪಿದ ಕಡೆಗೆಲ್ಲ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಏಕೆ ತಪ್ಪಿತು ಎಂದು ಒಂದು ಮಾತು ಬರೆಯಿರಿ: "ಸಂಧಿ", "ಮುದುರಿದೆ", "ಪದವೇ ಗೊತ್ತಿರಲಿಲ್ಲ". ಎರಡು ವಾರ ಆದ ಮೇಲೆ ಹಿಂದಿನ ಪುಟ ತಿರುವಿದರೆ ನಿಮ್ಮ ಕಿವಿಯ ಕಾಯಿಲೆ ಯಾವುದು ಎಂದು ನಿಮಗೇ ತಿಳಿಯುತ್ತದೆ. ಕೊನೆಗೆ ಧ್ವನಿಯ ಜೊತೆಜೊತೆಗೇ, ಅದೇ ಓಟದಲ್ಲಿ, ಬಾಯಿಬಿಟ್ಟು ಹೇಳಿ. "ಲುಕಗೆನಿನ್ನ ಮಿನಿಟ್" ಎಂದು ನಿಮ್ಮ ನಾಲಿಗೆ ಹತ್ತು ಸಲ ಅಂದ ಮೇಲೆ ಕಿವಿ ಅದನ್ನು ಬಿಡುವುದಿಲ್ಲ.

ಕನ್ನಡ ಲಿಪಿಗೂ ಮಿತಿ ಇದೆ. ಇಂಗ್ಲಿಷಿನ ಎರಡು ಬಗೆಯ ವಕಾರ, "ಬನಾನ" ಪದದ ಮೊದಲಲ್ಲಿ ಬರುವ ಅರೆಬರೆ ಅಕಾರ, ಇವು ಅದರಲ್ಲಿ ಸರಿಯಾಗಿ ಕೂರುವುದಿಲ್ಲ. ಚಿಂತೆ ಬೇಡ, ಇದು ಉಚ್ಚಾರಣಾ ನಿಘಂಟಲ್ಲ, ನಿಮ್ಮ ನೋಟುಬುಕ್ಕು.

ಇಂಥ ಸಂಭಾಷಣೆ ಎಲ್ಲಿ ಸಿಗುತ್ತೆ? ದುಡ್ಡು ಕೊಡಬೇಕಾ?

ಬೇಡ. ಬ್ರಿಟಿಷ್ ಕೌನ್ಸಿಲ್‌ನ ಲರ್ನ್ ಇಂಗ್ಲಿಷ್ ತಾಣದಲ್ಲಿ ಕೇಳುವ ಪಾಠಗಳನ್ನು ಮಟ್ಟಕ್ಕೆ ತಕ್ಕಂತೆ ಜೋಡಿಸಿದ್ದಾರೆ. ಎ1 ಎಂದರೆ ತೀರಾ ಮೊದಲನೆಯದು, ಆಮೇಲೆ ಎ2, ಬಿ1 ಹೀಗೆ. ಧ್ವನಿಯ ಜೊತೆ ಬರಹವೂ ಇದೆ. ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ಸಿಕ್ಸ್ ಮಿನಿಟ್ ಇಂಗ್ಲಿಷ್ ಸ್ವಲ್ಪ ಮುಂದುವರಿದವರಿಗೆ: ಇಬ್ಬರು ಕೂತು ಒಂದು ವಿಷಯ ಹರಟುತ್ತಾರೆ, ಬರಹವೂ ಸಿಗುತ್ತದೆ. ಅಮೆರಿಕದ ಉಚ್ಚಾರಣೆ ಬೇಕೆಂದರೆ ವಾಯ್ಸ್ ಆಫ್ ಅಮೆರಿಕದ ಕಲಿಯುವವರ ಹಳೆಯ ಪಾಠಗಳು. 1959ರಲ್ಲಿ ಸ್ಪೆಷಲ್ ಇಂಗ್ಲಿಷ್ ಎಂಬ ಹೆಸರಿನಲ್ಲಿ ಶುರುವಾದದ್ದು ಅದು. ಸುಮಾರು 1,500 ಪದಗಳ ಒಳಗೇ ಸುದ್ದಿ ಹೇಳುವುದು, ಅದೂ ಮಾಮೂಲಿಗಿಂತ ನಿಧಾನವಾಗಿ, ಅದರ ಪದ್ಧತಿಯಾಗಿತ್ತು. ಸಣ್ಣ ಗದ್ಯಕ್ಕೆ ಲಿಬ್ರಿವಾಕ್ಸ್ ನೋಡಿ. ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳನ್ನು ಸ್ವಯಂಸೇವಕರು ಓದಿ ಹಾಕಿದ್ದಾರೆ. ಈಸೋಪನ ನೀತಿಕಥೆಗಳು ಒಂದೆರಡು ನಿಮಿಷಕ್ಕೊಂದು ಮುಗಿಯುತ್ತವೆ, ಕಥೆ ನಮಗೆ ಮೊದಲೇ ಗೊತ್ತಿರುವುದರಿಂದ ಅರ್ಧ ಭಯ ಹೋಗುತ್ತದೆ. ಭಾಷೆ ಮಾತ್ರ ಹಳೆಯದು.

ಸಾವಿರಾರು ರೂಪಾಯಿಯ ಆ್ಯಪ್ ಕೊಂಡು ತಂದು ತೋರಿಸುತ್ತಾರೆ. ಬರಹರೂಪ ಇಲ್ಲದ ಪಾಠ ಎಷ್ಟು ಚೆನ್ನಾಗಿದ್ದರೂ ಶುರುವಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ತಪ್ಪು ಎಲ್ಲಾಯಿತು ಎಂದು ತಿಳಿಯುವುದು ಹೇಗೆ?

ಸಬ್‌ಟೈಟಲ್ ಹಾಕ್ಕೊಂಡು ಸಿನಿಮಾ ನೋಡಿದ್ರೆ ಸಾಕಲ್ವಾ?

ನೋಡಿ, ಸಂತೋಷ. ಆದರೆ ಸಾಲು ಪರದೆಯ ಮೇಲೆ ಬಂದೊಡನೆ ಕಣ್ಣು ಓದಿಬಿಡುತ್ತದೆ, ಕಿವಿ ರಜೆ ಹಾಕುತ್ತದೆ. ಒಂದು ದೃಶ್ಯವನ್ನು ಮೊದಲು ಸಬ್‌ಟೈಟಲ್ ಇಲ್ಲದೆ, ಆಮೇಲೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿ, ಮತ್ತೆ ಇಲ್ಲದೆ ನೋಡಿದರೆ ಅದು ಅಭ್ಯಾಸ. ಕನ್ನಡ ಸಬ್‌ಟೈಟಲ್ ಈ ಕೆಲಸಕ್ಕೆ ಬೇಡವೇ ಬೇಡ.

ಸ್ಪೀಡ್ ಕಡಿಮೆ ಮಾಡ್ಕೊಂಡು ಕೇಳಬಹುದಾ?

ಯೂಟ್ಯೂಬಿನಲ್ಲಿ 0.75 ಇಟ್ಟು ಒಂದೆರಡು ಸಲ ಕೇಳಬಹುದು. ಆದರೆ ಧ್ವನಿ ಎಳೆದರೆ ಸಂಧಿ ಬಿಡುವುದಿಲ್ಲ. "ಗೆಡಾಫ್" ನಿಧಾನವಾದರೆ "ಗೆಡಾಆಫ್" ಆಗುತ್ತದೆಯೇ ಹೊರತು "ಗೆಟ್ ಆಫ್" ಆಗುವುದಿಲ್ಲ. ಕೊನೆಯ ಸಲ ಮಾಮೂಲಿ ವೇಗದಲ್ಲೇ ಕೇಳಿ ಮುಗಿಸಿ.

## ದಿನದ ಮಾತುಕತೆ

ಫಿಫ್ಟೀನ್ ಅಂದ್ರೋ ಫಿಫ್ಟಿ ಅಂದ್ರೋ ಗೊತ್ತಾಗದೆ ಒಂದ್ಸಲ ಪೇಚಿಗೆ ಸಿಕ್ಕೊಂಡೆ. ಹೇಗೆ ಗುರುತಿಸೋದು?

ಒತ್ತು ಎಲ್ಲಿ ಬೀಳುತ್ತದೆ ಎಂದು ಕೇಳಿ. ಹದಿನೈದಾದರೆ ಭಾರ ಹಿಂದಕ್ಕೆ: ಫಿಫ್-ಟೀ-ನ್. ಐವತ್ತಾದರೆ ಭಾರ ಮುಂದೆ, ಹಿಂದಿನದು ಗಿಡ್ಡ: ಫಿಫ್-ಟಿ. ಅಮೆರಿಕದವರ ಬಾಯಲ್ಲಿ ತರ್ಟಿ, ಫಾರ್ಟಿಗಳ ಟಕಾರ ಡಕಾರದಂತಾಗುತ್ತದೆ, ತರ್ಟೀನ್‌ನಲ್ಲಿ ಆಗುವುದಿಲ್ಲ. ಅದೂ ಒಂದು ಗುರುತು. ತೊಡಕೇನೆಂದರೆ, ಹಿಂದೆ ನಾಮಪದ ಬಂದಾಗ ("ಫಿಫ್ಟೀನ್ ಪೀಪಲ್") ಹದಿನೈದರ ಒತ್ತೂ ಮುಂದಕ್ಕೆ ಜಾರುತ್ತದೆ. ಆಗ ಉಳಿಯುವುದು ಕೊನೆಯ ನಕಾರ ಮಾತ್ರ. ದುಡ್ಡಿನ ವಿಷಯವಾದರೆ ನಾಚಿಕೆ ಬಿಟ್ಟು "ಒನ್ ಫೈವ್ ಆರ್ ಫೈವ್ ಝೀರೋ?" ಎಂದು ಕೇಳಿ. ಇಂಗ್ಲಿಷ್ ಮನೆಮಾತಾದವರೂ ಹಾಗೆ ಕೇಳುತ್ತಾರೆ.

ಅಂಕಿಗಳಲ್ಲಿ ಇನ್ನೂ ಕೆಲವು ಗುಂಡಿಗಳಿವೆ. ಫೋನ್ ನಂಬರಿನಲ್ಲಿ ಸೊನ್ನೆಗೆ "ಓ" ಎನ್ನುವುದುಂಟು. ಬ್ರಿಟನ್ನಿನಲ್ಲಿ "ಹಾಫ್ ಸಿಕ್ಸ್" ಎಂದರೆ ಆರೂವರೆ; ಆರಕ್ಕೆ ಅರ್ಧ ಗಂಟೆ ಬಾಕಿ ಎಂದು ಲೆಕ್ಕ ಹಾಕಿ ಐದೂವರೆಗೇ ಹೋಗಿ ನಿಲ್ಲಬೇಡಿ. ತಾರೀಖು ಬರೆಯುವಾಗ ಅಮೆರಿಕದವರು ತಿಂಗಳನ್ನು ಮೊದಲು ಹಾಕುತ್ತಾರೆ. ಲಕ್ಷ, ಕೋಟಿ ಹೊರಗೆ ನಡೆಯುವುದಿಲ್ಲ: ಒಂದು ಮಿಲಿಯನ್ ಎಂದರೆ ನಮ್ಮ ಹತ್ತು ಲಕ್ಷ, ಹತ್ತು ಮಿಲಿಯನ್ ಎಂದರೆ ಒಂದು ಕೋಟಿ. ಈ ಪರಿವರ್ತನೆ ನಾಲಿಗೆಯ ತುದಿಯಲ್ಲಿರಬೇಕು, ಕೇಳುವಾಗ ಲೆಕ್ಕ ಮಾಡಲು ಬಿಡುವಿರುವುದಿಲ್ಲ.

"ಕ್ಯಾನ್" ಅಂದ್ರಾ "ಕಾಂಟ್" ಅಂದ್ರಾ? ಬರ್ತೀನಿ ಅಂದ್ರೋ ಬರಲ್ಲ ಅಂದ್ರೋ ಗೊತ್ತಾಗಲ್ಲ.

ಕೊನೆಯ ಟಕಾರಕ್ಕೆ ಕಾಯಬೇಡಿ, ಅದನ್ನು ನುಂಗಿರುತ್ತಾರೆ. "ಆಗುತ್ತದೆ" ಎನ್ನುವಾಗ "ಕ್ಯಾನ್" ಮುದುರಿ "ಕ್‌ನ್" ಆಗುತ್ತದೆ, ಭಾರವೆಲ್ಲ ಮುಂದಿನ ಕ್ರಿಯಾಪದದ ಮೇಲೆ: "ಐ ಕ್‌ನ್ ಕಮ್". "ಆಗುವುದಿಲ್ಲ" ಎನ್ನುವಾಗ ಆ ಪದವೇ ಗಟ್ಟಿಯಾಗಿ, ಪೂರ್ತಿ ಸ್ವರದೊಂದಿಗೆ ಬರುತ್ತದೆ. ಅಂದರೆ "ಕ್ಯಾನ್" ಎಂದು ನಿಮಗೆ ಸ್ಪಷ್ಟವಾಗಿ ಕೇಳಿಸಿತೆಂದರೆ, ಅಮೆರಿಕದವರಾದರೆ, ಬಹುಶಃ ಬರುವುದಿಲ್ಲ ಎಂದೇ ಅರ್ಥ! ಬ್ರಿಟಿಷರು "ಕಾಂಟ್" ಎಂದು ಆಕಾರ ಎಳೆಯುತ್ತಾರೆ, ಅವರದು ಸುಲಭ. "ಯೆಸ್, ಐ ಕ್ಯಾನ್" ಎಂದು ಅಲ್ಲಿಗೇ ಮಾತು ಮುಗಿದರೆ ಮಾತ್ರ ಈ ನಿಯಮ ನಡೆಯದು, ಕೊನೆಯಲ್ಲಿ ಬಂದ "ಕ್ಯಾನ್" ಮುದುರುವುದಿಲ್ಲ.

"ಟೆಲರೈ ಕಾಲ್ಡ್" ಅಂದ್ರು. ಟೈಲರ್ ಫೋನ್ ಮಾಡಿದ್ನಾ ಅಂತ ಯೋಚಿಸ್ತಾ ಕೂತೆ.

"ಟೆಲ್ ಹರ್ ಐ ಕಾಲ್ಡ್", ನಾನು ಫೋನ್ ಮಾಡಿದ್ದೆ ಅಂತ ಅವಳಿಗೆ ಹೇಳಿ. ವಾಕ್ಯದ ನಡುವೆ ಬರುವ ಹಿ, ಹಿಮ್, ಹರ್, ಹಿಸ್‌ಗಳ ಹಕಾರ ಬಿದ್ದುಹೋಗುತ್ತದೆ. "ಗಿವ್ ಹಿಮ್" ಎಂಬುದು "ಗಿವಿಮ್". ಮಂಡ್ಯ, ಮೈಸೂರು ಕಡೆ "ಹಾಲು" "ಆಲು" ಆಗುವುದನ್ನು ಕೇಳಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

"ಯು ಡೋಂಟ್ ವಾಂಟ್ ಕಾಫಿ?" ಅಂದ್ರು, "ಯೆಸ್" ಅಂದೆ. ಬೇಡ ಅಂತ ಹೇಳಿದ್ದು ನಾನು, ಕಾಫಿ ತಂದಿಟ್ರು!

ಕಾಫಿ ಸಿಕ್ಕಿತಲ್ಲ, ನಷ್ಟವೇನಿಲ್ಲ. ಕನ್ನಡದಲ್ಲಿ "ಕಾಫಿ ಬೇಡ್ವಾ?" ಎಂದರೆ "ಹ್ಞೂಂ, ಬೇಡ" ಎನ್ನುತ್ತೇವೆ, ಅವರು ಹೇಳಿದ ಮಾತು ಸರಿ ಎಂಬುದಕ್ಕೆ ಹ್ಞೂಂ. ಇಂಗ್ಲಿಷಿನಲ್ಲಿ ಉತ್ತರ ನಿಜಸ್ಥಿತಿಗೆ ಅಂಟಿಕೊಳ್ಳುತ್ತದೆ: ಬೇಡವಾದರೆ "ನೋ", ಬೇಕಾದರೆ "ಯೆಸ್", ಪ್ರಶ್ನೆ ಹೇಗೇ ಕೇಳಲಿ. ಕೇಳುವ ಪರೀಕ್ಷೆಗಳಲ್ಲಿ ನಮ್ಮವರು ಎಡವುವುದು ಇಲ್ಲಿಯೇ. "ಇಟ್ ಇಸಂಟ್ ಫಾರ್, ಇಸ್ ಇಟ್?" "ನೋ." ದೂರವಿಲ್ಲ ಎಂದರ್ಥ. ತರಗತಿಯಲ್ಲಿ ಇದೊಂದನ್ನೇ ಒಂದು ವಾರ ಆಡಿಸುತ್ತೇನೆ, ಅಷ್ಟಾದರೂ ಅವಸರದಲ್ಲಿ ನಾನೇ ತಪ್ಪುತ್ತೇನೆ.

ಇದೇ ಜಾತಿಯ ಇನ್ನೆರಡು. "ಐ ಆಮ್ ಅಫ್ರೇಡ್" ಎಂದು ಅಂಗಡಿಯವರು ಶುರು ಮಾಡಿದರೆ ಹೆದರಿದ್ದಾರೆಂದಲ್ಲ, ನೀವು ಕೇಳಿದ್ದು ಇಲ್ಲ ಎನ್ನಲಿದ್ದಾರೆ. ಬ್ರಿಟಿಷರು "ನಾಟ್ ಬ್ಯಾಡ್" ಎಂದರೆ ಪರವಾಗಿಲ್ಲ ಎಂಬುದಕ್ಕಿಂತ ಒಂದು ಮೆಟ್ಟಿಲು ಮೇಲೆ, ಚೆನ್ನಾಗಿಯೇ ಇದೆ ಎಂದು.

ಎದುರಿಗೆ ಮಾತಾಡಿದ್ರೆ ಹೇಗೋ ಆಗುತ್ತೆ. ಫೋನಲ್ಲಿ ಮಾತ್ರ ಏನೂ ಗೊತ್ತಾಗಲ್ಲ, ಅದರಲ್ಲೂ ಹೆಸರು, ಸ್ಪೆಲಿಂಗು.

ತಪ್ಪು ನಿಮ್ಮದೊಂದೇ ಅಲ್ಲ. ಹಳೆಯ ಟೆಲಿಫೋನ್ ವ್ಯವಸ್ಥೆ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ ಸಾಗಿಸುತ್ತಿತ್ತು; ಈಗಲೂ ಎಷ್ಟೋ ಕರೆಗಳು ಹಾಗೆಯೇ. "ಎಸ್" ಮತ್ತು "ಎಫ್" ನಡುವಿನ ವ್ಯತ್ಯಾಸ ಬಹುಪಾಲು ಅದಕ್ಕಿಂತ ಮೇಲಿನ ಸದ್ದಿನಲ್ಲಿದೆ, ಹಾಗಾಗಿ ಅದು ತಂತಿಯಲ್ಲೇ ಕಳೆದುಹೋಗುತ್ತದೆ. ತುಟಿ ಕಾಣುವುದಿಲ್ಲ, ಮುಖ ಕಾಣುವುದಿಲ್ಲ. ಅದಕ್ಕೇ "ಎಸ್ ಫಾರ್ ಶುಗರ್, ಎಫ್ ಫಾರ್ ಫಾದರ್" ಎಂದು ಹೇಳುವ ರೂಢಿ ಬಂದದ್ದು. ಅಕ್ಷರಗಳಲ್ಲಿ "ಜಿ" ಮತ್ತು "ಜೆ", "ಎ" ಮತ್ತು "ಈ" ಇವುಗಳನ್ನು ಮಾತ್ರ ಬೇರೆಯಾಗಿ ಅಭ್ಯಾಸ ಮಾಡಿ. ಕೊನೆಯ ಅಕ್ಷರ ನಮಗೆ "ಝೆಡ್", ಅಮೆರಿಕದವರಿಗೆ "ಝೀ". ಅದು ಫೋನಿನಲ್ಲಿ "ಸಿ"ಯಂತೆ ಕೇಳುತ್ತದೆ.

ಫೋನಿನಲ್ಲಿ ಪದೇ ಪದೇ ಬರುವ ಮಾತುಗಳು ಇಪ್ಪತ್ತೂ ಇಲ್ಲ, ಅವನ್ನು ಇಡಿಯಾಗಿ ಕಿವಿಗೆ ಹಾಕಿಕೊಳ್ಳಿ. "ಬೇರ್ ವಿದ್ ಮಿ" ಎಂದು ಮೊದಲ ಸಲ ಕೇಳಿದಾಗ ಬೀರ್ ಕುಡಿಯಲು ಕರೆಯುತ್ತಿದ್ದಾರೆಂದು ಗಾಬರಿಯಾಗಿ ಫೋನ್ ಇಟ್ಟುಬಿಟ್ಟಿದ್ದೆ. ಸ್ವಲ್ಪ ತಾಳಿ ಎನ್ನುತ್ತಿದ್ದರು ಪಾಪ. "ಐಲ್ ಪುಚ್ಯು ಥ್ರೂ" ಎಂದರೆ ಬೇರೆಯವರಿಗೆ ಕನೆಕ್ಟ್ ಮಾಡುತ್ತೇನೆ.

ಹೋಟೆಲಲ್ಲಿ ಕೌಂಟರಿನವರು ಏನೋ ಒಂದೇ ಉಸಿರಲ್ಲಿ ಕೇಳ್ತಾರೆ, ಎಲ್ಲದಕ್ಕೂ "ಯೆಸ್ ಯೆಸ್" ಅಂತೀನಿ.

ಅಮೆರಿಕದಲ್ಲಾದರೆ ಅದು ಹೆಚ್ಚಾಗಿ "ಫರ್ ಹಿಯರ್ ಆರ್ ಟು ಗೋ?": ಇಲ್ಲೇ ತಿನ್ನುತ್ತೀರಾ, ಪಾರ್ಸೆಲ್ಲಾ? ಇದಕ್ಕೆ ಯೆಸ್ ಎಂದರೆ ಅವರು ನಿಮ್ಮ ಮುಖ ನೋಡುತ್ತಾರೆ. ಬ್ರಿಟನ್ನಿನಲ್ಲಿ "ಈಟ್ ಇನ್ ಆರ್ ಟೇಕ್ ಅವೇ?". ಪಾರ್ಸೆಲ್ ಎಂಬ ಪದ ಎರಡೂ ಕಡೆ ಅಂಚೆಗೆ ಮೀಸಲು, ದೋಸೆಗೆ ನಡೆಯುವುದಿಲ್ಲ.

## ಸಣ್ಣ ಗದ್ಯ, ಸುದ್ದಿ, ಬೇರೆ ಬೇರೆ ಉಚ್ಚಾರಣೆ

ಕೇಳ್ತಾ ಕೇಳ್ತಾ ಮನಸ್ಸಲ್ಲೇ ಕನ್ನಡಕ್ಕೆ ತರ್ಜುಮೆ ಮಾಡ್ಕೋತೀನಿ. ಎರಡನೇ ವಾಕ್ಯದ ಹೊತ್ತಿಗೆ ಹಿಂದೆ ಬಿದ್ದಿರ್ತೀನಿ. ಬಿಡೋದು ಹೇಗೆ?

ಹಿಂದೆ ಬೀಳುವುದಕ್ಕೆ ಕಾರಣ ವಾಕ್ಯದ ರಚನೆಯಲ್ಲೇ ಇದೆ. ಕನ್ನಡದಲ್ಲಿ ವಿವರ ಮೊದಲು, ಕ್ರಿಯಾಪದ ಕೊನೆಗೆ: "ನಿನ್ನೆ ಹಾಸನದಿಂದ ಬಂದ, ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗನನ್ನು ನೋಡಿದೆ". ಇಂಗ್ಲಿಷಿನಲ್ಲಿ "ನೋಡಿದೆ" ಮೊದಲೇ ಬಂದುಬಿಡುತ್ತದೆ, ಆಮೇಲೆ "ಹುಡುಗ", ಆಮೇಲೆ ಒಂದೊಂದಾಗಿ ಬೋಗಿ ಜೋಡಿಸಿದ ಹಾಗೆ ಬ್ಯಾಂಕು, ಹಾಸನ, ನಿನ್ನೆ. ಅದನ್ನು ಕನ್ನಡ ಮಾಡಬೇಕಾದರೆ ವಾಕ್ಯ ಮುಗಿಯುವವರೆಗೆ ಎಲ್ಲವನ್ನೂ ಕೈಯಲ್ಲಿ ಹಿಡಿದು ಕಾದು, ಹಿಂದುಮುಂದು ಮಾಡಿ ಜೋಡಿಸಬೇಕು. ಅಷ್ಟರಲ್ಲಿ ಮುಂದಿನ ರೈಲು ಬಂದಿರುತ್ತದೆ.

ಉಪಾಯ: ಕನ್ನಡ ಬಿಡಬೇಡಿ, ವಾಕ್ಯ ಕಟ್ಟುವುದನ್ನು ಬಿಡಿ. ಬಂದ ಕ್ರಮದಲ್ಲೇ ತುಂಡುತುಂಡಾಗಿ ಹಿಡಿಯಿರಿ: ನೋಡಿದೆ — ಹುಡುಗ — ಬ್ಯಾಂಕು — ಹಾಸನ — ನಿನ್ನೆ. ಒಂದು ನಿಮಿಷದ ಗದ್ಯ ಕೇಳುತ್ತಾ ಹೀಗೆ ಬರೀ ಒತ್ತು ಬಿದ್ದ ಪದಗಳನ್ನು ಕಾಗದದ ಮೇಲೆ ಗೀಚಿ, ಯಾವ ಭಾಷೆಯಲ್ಲಾದರೂ ಸರಿ. ಆಮೇಲೆ ಆ ಗೀಚಿದ್ದನ್ನು ನೋಡಿ ವಿಷಯವನ್ನು ಮನೆಯಲ್ಲಿ ಯಾರಿಗಾದರೂ ಹೇಳಿ. ತಿಂಗಳೊಪ್ಪತ್ತಿನಲ್ಲಿ ಗೀಚುವುದು ತಾನಾಗಿ ಕಡಿಮೆಯಾಗುತ್ತದೆ.

ಗೊತ್ತಿಲ್ಲದ ಒಂದು ಪದ ಬಂದ್ರೆ ಅಲ್ಲೇ ನಿಂತುಬಿಡ್ತೀನಿ.

ಆ ಪದಕ್ಕೆ ಕನ್ನಡ ಅಕ್ಷರದಲ್ಲಿ ಏನು ಕೇಳಿಸಿತೋ ಅದನ್ನು ಬರೆದು ಮುಂದೆ ಹೋಗಿ. ಅಗತ್ಯದ ಪದವಾದರೆ ಮತ್ತೆ ಬರುತ್ತದೆ.

ಅಮೆರಿಕನ್ ಕಲೀಬೇಕಾ, ಬ್ರಿಟಿಷ್ ಕಲೀಬೇಕಾ?

ಮಾತಾಡಲು ನಿಮ್ಮದೇ ಇರಲಿ, ಕೇಳಲು ಎಲ್ಲವೂ ಬೇಕು. ದೊಡ್ಡ ವ್ಯತ್ಯಾಸಗಳು ಕೈಬೆರಳೆಣಿಕೆಯಷ್ಟು. ದಕ್ಷಿಣ ಇಂಗ್ಲೆಂಡಿನವರು "ಕಾರ್" ಎಂಬುದರ ರಕಾರ ಬಿಟ್ಟು "ಕಾ" ಎನ್ನುತ್ತಾರೆ, ಅಮೆರಿಕದವರು ಅದನ್ನು ಬಾಯೊಳಗೆ ಸುರುಳಿ ಸುತ್ತುತ್ತಾರೆ, ಸ್ಕಾಟ್‌ಲೆಂಡಿನ ಕೆಲವರು ನಮ್ಮಂತೆಯೇ ಗಟ್ಟಿಯಾಗಿ ಹೇಳುತ್ತಾರೆ. "ಶೆಡ್ಯೂಲ್" ಅಮೆರಿಕದಲ್ಲಿ "ಸ್ಕೆಜುಲ್". ಆಸ್ಟ್ರೇಲಿಯಾದವರ "ಟುಡೇ" ನಮಗೆ "ಟುಡಾಯ್" ಎಂದು ಕೇಳುತ್ತದೆ. ಮೂರು ತಿಂಗಳು ಒಂದೇ ಬಗೆಯದನ್ನು ಕೇಳಿ ಕಿವಿ ಗಟ್ಟಿಯಾದ ಮೇಲೆ ಇನ್ನೊಂದಕ್ಕೆ ಹೋಗಿ. ದಿನಕ್ಕೊಂದು ದೇಶ ಸುತ್ತಿದರೆ ಯಾವುದೂ ನಿಲ್ಲುವುದಿಲ್ಲ.

ನಮ್ಮ ಹುಡುಗ ಪುಸ್ತಕ ಮುಟ್ಟಂಗಿಲ್ರೀ, ಬರೇ ಕ್ರಿಕೆಟ್ ನೋಡ್ತಾನ. ಕಾಮೆಂಟರಿ ಕೇಳಿದ್ರ ಏನಾರ ಉಪಯೋಗ ಐತೇನ್ರೀ?

ಐತ್ರೀ, ಭಾಳ ಐತಿ! ಏನಾಯಿತು ಎಂದು ಕಣ್ಣಿಗೆ ಮೊದಲೇ ಗೊತ್ತು, ಅದೇ ಮಾತುಗಳು ಓವರಿಗೆ ಆರು ಸಲ ಬರುತ್ತವೆ, ಇಂಗ್ಲೆಂಡ್, ಆಸ್ಟ್ರೇಲಿಯಾ, ವೆಸ್ಟ್ ಇಂಡೀಸ್, ನ್ಯೂಜಿಲೆಂಡಿನ ಉಚ್ಚಾರಣೆಗಳು ಒಂದೇ ಕಡೆ ಸಿಗುತ್ತವೆ. ಟೆಸ್ಟ್ ಪಂದ್ಯ ಒಳ್ಳೆಯದು. ಅಲ್ಲಿ ಚೆಂಡಿಗಿಂತ ಹರಟೆ ಹೆಚ್ಚು: ಹವಾಮಾನ, ಊಟ, ಹಳೆಯ ಪಂದ್ಯ. ಚೆಂಡಿನ ವಿವರ ಪೂರ್ತಿ ತಿಳಿದ ಮೇಲೆ ಹರಟೆಯ ಭಾಗ ಬರೆದುಕೊಳ್ಳಲು ಹೇಳಿ. ಆಮೇಲೆ ಟಿವಿ ಬಿಟ್ಟು ರೇಡಿಯೋ ಕಾಮೆಂಟರಿಗೆ ಬದಲಿಸಿದರೆ ಕಣ್ಣಿನ ಆಸರೆ ತಪ್ಪುತ್ತದೆ, ಆಗಲೇ ಗೊತ್ತಾಗುವುದು ಕಿವಿ ಎಷ್ಟು ಕಲಿತಿದೆ ಎಂದು.

## ಪರೀಕ್ಷೆಗೆ ಕೂರುವವರಿಗೆ

ಐಇಎಲ್‌ಟಿಎಸ್ ಲಿಸನಿಂಗ್ ಹೇಗಿರುತ್ತೆ? ಎರಡು ಸಲ ಕೇಳಿಸ್ತಾರಾ?

ಇಲ್ಲ, ಒಂದೇ ಸಲ. ಹೊರದೇಶಕ್ಕೆ ಓದಲು, ದುಡಿಯಲು ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಇದು; ಲಿಸನಿಂಗ್ ಅದರ ಕೇಳುವ ಭಾಗ. ನಾಲ್ಕು ಭಾಗ, 40 ಪ್ರಶ್ನೆ, ಸುಮಾರು 30 ನಿಮಿಷ. ಮೊದಲ ಭಾಗ ಇಬ್ಬರ ದಿನನಿತ್ಯದ ಮಾತುಕತೆ: ಮನೆ ಬಾಡಿಗೆ, ಬುಕಿಂಗ್ ಇಂಥದ್ದು. ಎರಡನೆಯದು ಒಬ್ಬರೇ ಮಾಹಿತಿ ಹೇಳುವುದು. ಮೂರನೆಯದರಲ್ಲಿ ಓದಿಗೆ ಸಂಬಂಧಿಸಿದ ಚರ್ಚೆ, ನಾಲ್ವರವರೆಗೂ ಇರಬಹುದು. ನಾಲ್ಕನೆಯದು ಉಪನ್ಯಾಸ. ಕಾಗದದ ಪರೀಕ್ಷೆ ಇರುವ ಕಡೆ ಕೊನೆಗೆ ಉತ್ತರ ನಕಲಿಸಲು 10 ನಿಮಿಷ ಕೊಡುತ್ತಾರೆ. ಕಂಪ್ಯೂಟರಿನಲ್ಲಿ ಪರೀಕ್ಷಿಸಿಕೊಳ್ಳಲು 2 ನಿಮಿಷ ಮಾತ್ರ. 40ರಲ್ಲಿ 30ರ ಆಸುಪಾಸು ಸರಿಯಾದರೆ ಬ್ಯಾಂಡ್ (ಅಂದರೆ ದರ್ಜೆ) 7. ಸ್ಪೆಲಿಂಗ್ ತಪ್ಪಿದರೆ ಅಂಕವಿಲ್ಲ, ಹಾಗಾಗಿ ಪರೀಕ್ಷೆಗೆ ಎರಡು ತಿಂಗಳು ಇರುವಾಗ ಕನ್ನಡ ಅಕ್ಷರದ ನೋಟುಬುಕ್ಕಿನ ಪಕ್ಕದಲ್ಲೇ ಇಂಗ್ಲಿಷ್ ಸ್ಪೆಲಿಂಗಿನ ಉಕ್ತಲೇಖನವನ್ನೂ ಶುರು ಮಾಡಿ.

ಕೇಳಿದ್ದು ಸರಿಯಾಗೇ ಬರೆದೆ ಮೇಡಂ, ಆದ್ರೂ ತಪ್ಪು ಅಂತ ಬಂತು!

ನೀವು ಮೊದಲು ಕೇಳಿದ್ದನ್ನು ಬರೆದಿರಿ. ಈ ಪರೀಕ್ಷೆಗಳು ಬೇಕೆಂದೇ ಮಾತು ಬದಲಿಸುತ್ತವೆ: "ಶನಿವಾರ ಬರ್ತೀವಿ. ಓ, ಶನಿವಾರ ತುಂಬಿದೆಯಾ? ಹಾಗಾದ್ರೆ ಭಾನುವಾರ". ಉತ್ತರ ಭಾನುವಾರ. "ಆಕ್ಚುಲಿ", "ಸಾರಿ", "ಓ ವೇಟ್", "ಬಟ್" ಇವು ಕೇಳಿದೊಡನೆ ಪೆನ್ಸಿಲ್ ಎತ್ತಿ ಹಿಡಿಯಿರಿ. ಇನ್ನೊಂದು, ಪ್ರಶ್ನೆಯಲ್ಲಿರುವ ಪದವೇ ಧ್ವನಿಯಲ್ಲಿ ಬರಲಿ ಎಂದು ಕಾಯಬೇಡಿ. ಪ್ರಶ್ನೆಯಲ್ಲಿ "ಚೀಪ್" ಇದ್ದರೆ ಧ್ವನಿಯಲ್ಲಿ "ಡಸಂಟ್ ಕಾಸ್ಟ್ ಮಚ್" ಎಂದಿರುತ್ತದೆ.

ನರ್ಸಿಂಗ್ ಮುಗಿಸಿದೀನಿ, ಉಡುಪಿಯವಳು. ಯುಕೆಗೆ ಹೋಗೋಕೆ ಒಇಟಿ ತಗೊಳ್ಳೋದೋ ಐಇಎಲ್‌ಟಿಎಸ್ಸೋ?

ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ (ನರ್ಸ್‌ಗಳನ್ನು ನೋಂದಾಯಿಸುವ ಸಂಸ್ಥೆ) ಎರಡನ್ನೂ ಒಪ್ಪುತ್ತದೆ. ಒಇಟಿ ಎಂದರೆ ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ. ಐಇಎಲ್‌ಟಿಎಸ್ ಅಕಾಡೆಮಿಕ್ ಆದರೆ ಲಿಸನಿಂಗ್‌ನಲ್ಲಿ 7 ಬೇಕು, ಒಇಟಿ ಆದರೆ ಬಿ ಗ್ರೇಡ್. ಒಇಟಿಯಲ್ಲಿ ಕೇಳುವುದೆಲ್ಲ ಆಸ್ಪತ್ರೆಯ ಮಾತು: ಮೊದಲ ಭಾಗದಲ್ಲಿ ರೋಗಿ ಹೇಳಿದ್ದನ್ನು ಟಿಪ್ಪಣಿ ಮಾಡಿಕೊಳ್ಳುವುದು, ಎರಡನೆಯದರಲ್ಲಿ ಡ್ಯೂಟಿ ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ಹೇಳುವಂಥ ಸಣ್ಣ ತುಣುಕುಗಳು, ಮೂರನೆಯದರಲ್ಲಿ ಭಾಷಣ ಅಥವಾ ಸಂದರ್ಶನ, ಒಟ್ಟು 42 ಪ್ರಶ್ನೆ. ವಾರ್ಡಿನಲ್ಲಿ ಎರಡು ವರ್ಷ ದುಡಿದವರಿಗೆ ಒಇಟಿ ಹತ್ತಿರದ್ದು ಅನಿಸುತ್ತದೆ ಎಂಬುದು ನಾನು ಕಂಡದ್ದು. ಆದರೆ ರೋಗಿಗಳು ವೈದ್ಯಕೀಯ ಪದ ಆಡುವುದಿಲ್ಲ. ನೀವು ಪುಸ್ತಕದಲ್ಲಿ "ವಾಮಿಟಿಂಗ್" ಓದಿರುತ್ತೀರಿ, ಅವರು "ಥ್ರೋಯಿಂಗ್ ಅಪ್" ಎನ್ನುತ್ತಾರೆ. ಇಂಥ ಜೋಡಿಗಳ ಪಟ್ಟಿಯನ್ನು ಈಗಲೇ ಶುರು ಮಾಡಿ. ಶುಲ್ಕ ಕಟ್ಟುವ ಮೊದಲು ಕೌನ್ಸಿಲ್‌ನ ಈಗಿನ ನಿಯಮ ನೀವೇ ಓದಿ, ಏಜೆಂಟರ ಬಾಯಿಮಾತು ನಂಬಬೇಡಿ.

## ಇನ್ನೂ ಮುಂದೆ

ನ್ಯೂಸ್, ಪಾಡ್‌ಕಾಸ್ಟ್ ಎಲ್ಲಾ ಅರ್ಥ ಆಗುತ್ತೆ. ಆಫೀಸಲ್ಲಿ ನಾಲ್ಕು ಜನ ನಗ್ತಾ ಒಬ್ಬರ ಮೇಲೊಬ್ಬರು ಮಾತಾಡಿದ್ರೆ ಮಾತ್ರ ಪೆಚ್ಚಾಗಿ ಕೂರ್ತೀನಿ.

ಸುದ್ದಿ ಎಂದರೆ ಬರೆದದ್ದನ್ನು ಓದುವುದು, ಒಬ್ಬರಾದ ಮೇಲೆ ಒಬ್ಬರು. ಹರಟೆಯಲ್ಲಿ ಅರ್ಧ ವಾಕ್ಯ ಬಿಡುತ್ತಾರೆ, ಇನ್ನೊಬ್ಬರು ಮುಗಿಸುತ್ತಾರೆ, ಹಿಂದಿನ ವಾರದ ಯಾವುದೋ ತಮಾಷೆಯನ್ನು ಒಂದೇ ಪದದಲ್ಲಿ ನೆನಪಿಸುತ್ತಾರೆ. ಅದರಲ್ಲಿ ಒಂದು ಪಾಲು ಭಾಷೆಯೇ ಅಲ್ಲ. ಅವರು ನಿನ್ನೆ ನೋಡಿದ ಪಂದ್ಯ, ಚಿಕ್ಕಂದಿನ ಟಿವಿ. ಅದು ಗೊತ್ತಾಗದಿದ್ದರೆ ಕಿವಿಯನ್ನು ಬೈಯಬೇಡಿ, ಪಕ್ಕದವರನ್ನು ಕೇಳಿ. ಭಾಷೆಯ ಪಾಲಿಗೆ, ಮೂರ್ನಾಲ್ಕು ಜನ ಸೇರಿ ಹರಟುವ ಪಾಡ್‌ಕಾಸ್ಟಿನ ಅರ್ಧ ನಿಮಿಷವನ್ನು ಅದೇ ಉಕ್ತಲೇಖನದ ಕ್ರಮದಲ್ಲಿ ಬಿಡಿಸಿ. ಇದು ಕಷ್ಟದ ಕೆಲಸ, ಅರ್ಧ ನಿಮಿಷಕ್ಕೆ ಒಂದು ಗಂಟೆ ಹಿಡಿದರೂ ಹಿಡಿಯಬಹುದು.

ಎಷ್ಟು ದಿನಕ್ಕೆ ಬರುತ್ತೆ?

ದಿನಾ ತಪ್ಪದೆ ಮಾಡಿದವರಲ್ಲಿ ಎರಡು ಮೂರು ತಿಂಗಳಿಗೆ ಬದಲಾವಣೆ ನನಗೇ ಕಾಣಿಸಿದೆ. ವಾರಕ್ಕೊಮ್ಮೆ ಭಾನುವಾರ ಮೂರು ಗಂಟೆ ಕೂತವರಲ್ಲಿ ಕಂಡಿಲ್ಲ.

ನಮ್ಮಮ್ಮನಿಗೆ ಅರವತ್ತೆರಡು. ಮೊಮ್ಮಗಳು ಅಮೆರಿಕದಲ್ಲಿ, ಅವಳಿಗೆ ಕನ್ನಡ ಅಷ್ಟಕ್ಕಷ್ಟೆ. ವಿಡಿಯೋ ಕಾಲಲ್ಲಿ ಮಗು ಹೇಳಿದ್ದು ಒಂದೂ ತಿಳಿಯಲ್ಲ ಅಂತ ಬೇಜಾರು ಮಾಡ್ಕೋತಾರೆ. ಈ ವಯಸ್ಸಲ್ಲಿ ಕಲೀಬಹುದಾ?

ಖಂಡಿತ. ಅವರಿಗೆ ಬಿಬಿಸಿಯೂ ಬೇಡ, ಪುಸ್ತಕವೂ ಬೇಡ. ದಿನಕ್ಕೊಂದು ವಾಯ್ಸ್ ಮೆಸೇಜ್ ಕಳಿಸಲು ಮಗುವಿಗೆ ಹೇಳಿ: ಇವತ್ತು ಸ್ಕೂಲಲ್ಲಿ ಏನಾಯಿತು, ಒಂದು ಅರ್ಧ ನಿಮಿಷ. ಅಮ್ಮ ಅದನ್ನು ಎಷ್ಟು ಸಲ ಬೇಕಾದರೂ ಹಾಕಿಕೊಂಡು ಕೇಳಲಿ, ಕೇಳಿಸಿದ್ದನ್ನು ಕನ್ನಡದಲ್ಲಿ ಬರೆಯಲಿ. ಸಂಜೆ ನೀವು ಪಕ್ಕದಲ್ಲಿ ಕೂತು ಸಂಧಿ ಬಿಡಿಸಿ. "ವಾಡರ್" ಎಂದರೆ ನೀರು, "ಐ ವಾನಾ" ಎಂದರೆ ನನಗೆ ಬೇಕು, "ಐ ಡುನೋ" ಎಂದರೆ ಗೊತ್ತಿಲ್ಲ. ಈ ಮೂರರಿಂದ ಶುರು ಮಾಡಿ, ಮಕ್ಕಳ ಮಾತಿನಲ್ಲಿ ಇವು ಎಷ್ಟು ಸಲ ಬರುತ್ತವೆಂದು ಎಣಿಸಿದರೆ ಅಮ್ಮನಿಗೇ ನಗು ಬರುತ್ತದೆ. ವಾರಕ್ಕೊಮ್ಮೆ ಅಜ್ಜಿಯೂ ಕನ್ನಡದಲ್ಲಿ ಅರ್ಧ ನಿಮಿಷದ ಒಂದು ಮೆಸೇಜ್ ಕಳಿಸಲಿ, ಆ ಕಡೆ ಮಗುವೂ ಬರೆದುಕೊಳ್ಳಲಿ.